ಬೋರಲಿಂಗಯ್ಯನವರು ಕಂಡ ಹೂವು

ಯಾರು ಯಾವ ಸಂಗತಿಯನ್ನು ಹೇಳಲು ಬಂದರೂ ಕೂಟಗಲ್ಲಿನ ಬೋರಲಿಂಗಯ್ಯನವರು ಮೊದಲು ಕೇಳುವ ಪ್ರಶ್ನೆ ಒಂದೇ: 'ಅವಾಗ ನೀನು ಎಲ್ಲಿ ನಿಂತಿದ್ದೆ?' ಬದುವಿನ ಕಲ್ಲು ಕಿತ್ತರೆಂದು ದೂರು ತಂದವನಿಗೂ ಇದೇ ಪ್ರಶ್ನೆ, ಹೆದ್ದಾರಿಯಲ್ಲಿ ಲಾರಿ ಮಗುಚಿದ್ದನ್ನು ಕೈಬಾಯಿ ತಿರುಗಿಸಿ ಬಣ್ಣಿಸುವವನಿಗೂ ಇದೇ ಪ್ರಶ್ನೆ. ಒಮ್ಮೆ ನಾನು ಯಾವುದೋ ದೂರದೇಶದ ಯುದ್ಧದ ವಿಚಾರವನ್ನು ಪತ್ರಿಕೆಯಲ್ಲಿ ಓದಿಕೊಂಡು ಹೋಗಿ, ಅವರ ಜಗಲಿಯ ಮೇಲೆ ಕುಳಿತು ಬಹಳ ಗಾಂಭೀರ್ಯದಿಂದ ವಿವರಿಸುತ್ತಿದ್ದಾಗ, 'ಮೇಷ್ಟ್ರೆ, ತಾವು ಅವಾಗ ಎಲ್ಲಿ ನಿಂತಿದ್ರಿ?' ಎಂದು ಕೇಳಿಯೇಬಿಟ್ಟರು. ನಾನು ಪೆಚ್ಚಾದದ್ದನ್ನು ನೋಡಿ, 'ಹೋಗ್ಲಿ ಬುಡಿ, ಕಾಪಿ ಕುಡೀರಿ' ಎಂದರು. ಅಂದಿನಿಂದ ಅವರ ಮುಂದೆ ಮಾತಾಡುವಾಗ ನನಗೆ ಅರಿವಿಲ್ಲದೆಯೇ ಒಂದು ಸಂಯಮ ಬಂದಿದೆ, ಅದು ಎಷ್ಟು ದಿನ ಇರುತ್ತದೋ ಬೇರೆ ಮಾತು.

ಎಪ್ಪತ್ತು ದಾಟಿದ ದೇಹ. ಜೀವಮಾನವಿಡೀ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಒಂದೇ ಹೆಗಲ ಮೇಲೆ ಹೊತ್ತದ್ದರಿಂದಲೋ ಏನೋ, ಹೊರೆಯಿಲ್ಲದೆ ಬರಿಗೈಯಲ್ಲಿ ನಡೆಯುವಾಗಲೂ ಎಡಕ್ಕೆ ತುಸು ವಾಲಿಯೇ ನಡೆಯುತ್ತಾರೆ. ಬೇಸಿಗೆಯ ಸುಡುಬಿಸಿಲಿನಲ್ಲೂ ಮೈಮೇಲೆ ಒಂದು ಕಂದುಬಣ್ಣದ ಉಣ್ಣೆಯ ಕೋಟು, ಮದುವೆಯಲ್ಲಿ ಮಾವನ ಮನೆಯವರು ಹೊಲಿಸಿಕೊಟ್ಟದ್ದು, ಮೊಣಕೈಯಲ್ಲಿ ತೇಪೆ, ಗುಂಡಿಗಳು ಒಂದೊಂದು ಒಂದೊಂದು ಜಾತಿಯವು. ಆ ಕೋಟು ಅವರ ಮೈಯಿಂದ ಇಳಿಯುವುದು ಎರಡೇ ಸಂದರ್ಭಗಳಲ್ಲಿ, ಸ್ನಾನಕ್ಕೆ ಮತ್ತು ಹುಳುಮನೆಗೆ. ರೇಷ್ಮೆಹುಳುವಿಗೆ ವಾಸನೆ ಆಗದು. ಹಾಗಾಗಿ ಆ ಮನೆಯಲ್ಲಿ ಬೀಡಿಯಿಲ್ಲ, ಸೆಂಟಿಲ್ಲ, ಹುಳು ನಾಲ್ಕನೇ ಜ್ವರವೆದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪನ್ನು ಮುಕ್ಕುವ ವಾರದಲ್ಲಿ ಒಗ್ಗರಣೆ ಕೂಡ ಇಲ್ಲ. ಮನೆಯ ಹೆಂಗಸರು ಹುಳುಮನೆಯ ಹೊಸ್ತಿಲು ದಾಟುವ ಮುನ್ನ ಮುಡಿದ ಹೂವನ್ನು ತೆಗೆದು ಹೊರಗಿನ ಮೋಟುಗೋಡೆಯ ಮೇಲಿಟ್ಟು ಹೋಗುತ್ತಾರೆ. ಅವರ ಹೆಂಡತಿ ಅಂಬುಜಮ್ಮ ಈ ವಿಷಯದಲ್ಲಿ ಗಂಡನನ್ನು ರೇಗಿಸದ ದಿನವಿಲ್ಲ. 'ನಾನು ಮಲ್ಗೆ ಹೂವ ಮುಡ್ಕೊಂಡು ಬಂದ್ರೆ ಈ ಮನೇಲಿ ಹುಳ ಸಾಯ್ತಾವೆ ಅಂತ ಅಳೋರು ಇದ್ರೇ ಹೊರ್ತು, ಚೆಂದಾಗಿ ಕಾಣ್ತೀಯ ಅನ್ನೋರು ಒಬ್ರೂ ಇರ್ನಿಲ್ಲ ಮೇಷ್ಟ್ರೆ.'

ಊರಿನವರೂ ಸುತ್ತಲ ಹಳ್ಳಿಗಳವರೂ ಗಂಡ-ಹೆಂಡಿರ ವ್ಯಾಜ್ಯಗಳನ್ನು ಇವರ ಜಗಲಿಗೆ ತರುತ್ತಿದ್ದರು. ಅವರು ನ್ಯಾಯ ಹೇಳುವ ರೀತಿಯೂ ವಿಚಿತ್ರವಾದದ್ದೇ. ಅಂಕಯ್ಯ ಎಂಬಾತ ಬಂದು, ತನ್ನ ಹೆಂಡತಿ ಬಾವಿಕಟ್ಟೆಯಲ್ಲಿ ಪರಪುರುಷನ ಜೊತೆ ನಗುತ್ತ ನಿಂತಿದ್ದಳೆಂದೂ ತಾನು ಗದ್ದೆಯ ತುದಿಯಿಂದ ಕಣ್ಣಾರೆ ನೋಡಿದೆನೆಂದೂ ಆಣೆಯಿಟ್ಟು ಹೇಳಿದಾಗ, ಬೋರಲಿಂಗಯ್ಯನವರು ಕೋಟಿನ ಗುಂಡಿ ಹಾಕಿಕೊಂಡು ಎದ್ದು, ಅವನನ್ನು ಅದೇ ಗದ್ದೆಯ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ನಡುವೆ ದೊಡ್ಡದೊಂದು ಹುಣಸೆಮರ. ಬಾವಿಯೇ ಕಾಣುತ್ತಿರಲಿಲ್ಲ. 'ನಗು ಕೇಳಿಸ್ತು' ಎಂದು ಅಂಕಯ್ಯ ಗೊಣಗಿದ. 'ನಗು ಕೇಳ್ಸೈತೆ. ಮಿಕ್ಕಿದ್ದ ನೀನು ಸೇರ್ಸಿದ್ದೀಯ. ಕಂಡಿದ್ದು ಬೇರೆ, ಕಟ್ಟಿದ್ದು ಬೇರೆ ಕಣ್ಲಾ' ಎಂದು ಹೇಳಿ, ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ವಾಪಸು ಬಂದರು. ಆ ದಂಪತಿಗಳು ಈಗಲೂ ಒಟ್ಟಿಗಿದ್ದಾರೆ, ಜಗಳವಾಡುತ್ತಲೇ ಇದ್ದಾರೆ.

ಇಂಥವರ ಮನೆಗೆ ಒಂದು ಸಿನಿಮಾ ಬೆಂಕಿಯಿಟ್ಟಿತು, ಅದನ್ನು ಹೊತ್ತುಕೊಂಡು ಹೋದವನು ನಾನೇ. ರಾಮನಗರದ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿರುವ ನನಗೆ ಭಾನುವಾರಗಳಂದು ಪ್ರೊಜೆಕ್ಟರನ್ನು ಕಾರಿಗೆ ಹಾಕಿಕೊಂಡು ಮಾಗಡಿ, ಕನಕಪುರದ ಕಡೆಯ ಹಳ್ಳಿಗಳಲ್ಲಿ ಒಳ್ಳೆಯ ಚಿತ್ರಗಳನ್ನು ತೋರಿಸುವ ಚಟ. ನಮ್ಮ ಬೆಟ್ಟಗಳ ಆಸುಪಾಸಿನಲ್ಲೇ ಚಿತ್ರೀಕರಣವಾಗಿದ್ದ, ರೇಷ್ಮೆ ಬೆಳೆಯುವ ಕುಟುಂಬವೊಂದರ ಕತೆಯ ಆ ಚಿತ್ರಕ್ಕೆ ಬೇರೆ ಹೆಸರಿದ್ದರೂ ಜನ ಅದನ್ನು ಕರೆದದ್ದು ಹುಳುಮನೆ ಪಿಚ್ಚರ್ ಎಂದೇ. ಕೂಟಗಲ್ಲಿನ ಹಾಲಿನ ಡೇರಿಯ ಮಹಡಿಯಲ್ಲಿ ಅದನ್ನು ತೋರಿಸಿದೆ, ಮಹಡಿಯಲ್ಲಿ ಜಾಗ ಸಾಲದೆ ಜನ ಮೆಟ್ಟಿಲ ಮೇಲೂ ಕುಳಿತಿದ್ದರು.

ಕತೆ ಸರಳವಾದದ್ದು. ಗಂಡ ರೇಷ್ಮೆಗೂಡು ಹೊತ್ತು ಪೇಟೆಗೆ ಹೋಗಿದ್ದಾನೆ, ಮಾರನೆಯ ದಿನವೇ ಅವನು ಬರುವುದು. ಪಕ್ಕದ ತೋಟದ ಒಂಟಿ ಯುವಕನ ಹುಳುಮನೆಯಲ್ಲಿ ಹುಳುಗಳು ಹಣ್ಣಾಗಿವೆ, ಎಂದರೆ ಮೇವು ಬಿಟ್ಟು ನೂಲು ಬಿಡಲು ಸಿದ್ಧವಾಗಿವೆ, ಅವನ್ನು ಆರಿಸಿ ಗೂಡು ಕಟ್ಟುವ ಬಿದಿರ ತಟ್ಟಿಯಾದ ಚಂದ್ರಿಕೆಗೆ ಹಾಕಲು ಕೈಗಳಿಲ್ಲ. ಸಂಜೆ ಹೆಂಡತಿ ತಲೆತುಂಬ ಹೂವು ಮುಡಿದು ಆ ಹುಳುಮನೆಯ ಕಡೆ ನಡೆಯುತ್ತಾಳೆ. ಬಾಗಿಲು ಮುಚ್ಚುತ್ತದೆ. ಮರುಕ್ಷಣವೇ ತೆರೆಯ ಮೇಲೆ ಬೆಳಗು, ಅವಳು ಹೊರಗೆ ಬರುತ್ತಾಳೆ, ಕೂದಲು ಕೆದರಿದೆ, ತಲೆಯಲ್ಲಿ ಹೂವಿಲ್ಲ. ಪೇಟೆಯಿಂದ ಬೇಗ ಮರಳಿದ ಗಂಡ ಅದನ್ನು ನೋಡುತ್ತಾನೆ. ಅವನು ಏನೂ ಕೇಳುವುದಿಲ್ಲ, ಅವಳು ಏನೂ ಹೇಳುವುದಿಲ್ಲ, ಇಬ್ಬರೂ ಊಟಕ್ಕೆ ಕೂರುವುದರೊಂದಿಗೆ ಚಿತ್ರ ಮುಗಿಯುತ್ತದೆ. ದೀಪ ಹಾಕಿದ ಮೇಲೆ ನಾನು ಎದ್ದು ನಿಂತು, ಈ ಸಂದಿಗ್ಧತೆಯೇ ಕೃತಿಯ ಶಕ್ತಿಯೆಂದೂ, ಅವಳು ತಪ್ಪಿದಳೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವುದೇ ಅದರ ಸೌಂದರ್ಯವೆಂದೂ ನಾಲ್ಕು ಮಾತು ಆಡಿದೆ.

ನನ್ನ ಸೌಂದರ್ಯ ಯಾರಿಗೂ ಬೇಕಾಗಿರಲಿಲ್ಲ. 'ತಲೇಲಿ ಹೂವಿಲ್ಲ, ಇನ್ನೆಂಥ ಸಾಕ್ಷಿ ಬೇಕು' ಎಂದು ಗಂಡಸರ ಕಡೆಯಿಂದ ಎದ್ದ ಗದ್ದಲಕ್ಕೆ ಹೆಂಗಸರು ತಲೆತಗ್ಗಿಸಿ ಕುಳಿತರು. ಆಗ ಬೋರಲಿಂಗಯ್ಯನವರು ನಿಧಾನವಾಗಿ ಎದ್ದರು. 'ಹೂವ ಅವಳೇ ತೆಗ್ದು ಗೋಡೆ ಮೇಲಿಟ್ಟು ಒಳಿಕ್ಕೆ ಹೋದ್ಲು. ನಾನು ಕಂಡೆ. ಹುಳಕ್ಕೆ ವಾಸ್ನೆ ಆಗಲ್ಲ ಅಂತ ಹೂವ ತೆಗೆಯೋ ಹೆಣ್ಮಗಳು ಹುಳ ಆಯಾಕೆ ಹೋಗವಳೆ. ಬೇರೆ ಕೆಲ್ಸಕ್ಕೆ ಹೋಗೋಳು ಹುಳದ ಯೋಚ್ನೆ ಮಾಡ್ತಿದ್ಲಾ?' ಎಂದರು. ಗಂಡಸರು ಒಪ್ಪಿಕೊಂಡರು, ಏಕೆಂದರೆ ಕಾಣದ್ದನ್ನು ಕಂಡೆ ಎಂದು ಹೇಳುವ ಮನುಷ್ಯ ಇವರಲ್ಲ. ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದ ನನಗೇ ಮೋಟುಗೋಡೆಯ ಮೇಲೆ ಹೂವಿನ ದಂಡೆ ಕಣ್ಣಮುಂದೆ ಬಂದಂತಾಯಿತು. ಹೆಂಗಸರು ತಲೆಯೆತ್ತಿದರು, ಅಂಬುಜಮ್ಮ ಎಲ್ಲರಿಗಿಂತ ಮೊದಲು.

ಗುಂಪಿನಲ್ಲಿ ಒಬ್ಬ ಮಾತ್ರ ಮೆಟ್ಟಿಲಿಳಿದು ಹೋಗಿದ್ದ. ಅವನು ಬೋರಲಿಂಗಯ್ಯನವರ ಒಬ್ಬನೇ ಮಗ ಲೋಕೇಶ್.

ಆತ ಅಂದಿನಿಂದ ಹೆಂಡತಿ ಬಡಿಸಿದ ತಟ್ಟೆಯನ್ನು ಮುಟ್ಟಲಿಲ್ಲ. ಅದಕ್ಕೆ ಕಾರಣ ಎರಡು ವರ್ಷ ಹಿಂದಿನ ಮಾತು: ಲೋಕೇಶ್ ಗೂಡು ತೆಗೆದುಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿ, ಬೆಳಗಿನ ಹರಾಜಿಗೆಂದು ಅಲ್ಲೇ ಉಳಿದಿದ್ದ. ಅಂಬುಜಮ್ಮ ತಂಗಿಯ ಮನೆಗೆ ಹೋಗಿದ್ದರು. ಆ ಸಂಜೆ ನೆರೆಯ ಜಯಕುಮಾರನ ಹುಳುಗಳು ಒಮ್ಮೆಲೇ ಹಣ್ಣಾದವು, ಅವನ ಹೆಂಡತಿ ಶ್ವೇತ ಹೆರಿಗೆಗೆ ತವರಿಗೆ ಹೋಗಿದ್ದಳು, ಮಿಕ್ಕ ಮನೆಗಳವರೆಲ್ಲ ತಂತಮ್ಮ ಹುಳುಗಳಲ್ಲಿ ಮುಳುಗಿದ್ದರು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ, ಹೊತ್ತಿಗೆ ಸರಿಯಾಗಿ ಆರಿಸಿ ಹಾಕದಿದ್ದರೆ ತಿಂಗಳ ದುಡಿಮೆ ತಿಪ್ಪೆ ಪಾಲು. ಹಾಗಾಗಿ ಇಂಥ ಹೊತ್ತಿನಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ಈ ಕಡೆಯ ರೂಢಿ, ಅದಕ್ಕೆ ಗಂಡು-ಹೆಣ್ಣೆಂಬ ಲೆಕ್ಕವಿಲ್ಲ. ಲೋಕೇಶನ ಹೆಂಡತಿ ಭಾನುಪ್ರಿಯ 'ಹೋಗ್ಬರ್ಲಾ ಮಾವ' ಎಂದು ಕೇಳಿದಳು. 'ಹೋಗವ್ವ' ಎಂದು ಕಳಿಸಿದವರು ಬೋರಲಿಂಗಯ್ಯನವರೇ. ಅವಳು ಬೆಳಗಾಗುತ್ತಲೇ ಹಿಂದಿರುಗಿ ಕೊಟ್ಟಿಗೆಯ ಸಗಣಿ ಬಳಿದಳು. ಎರಡು ವರ್ಷ ಆ ವಿಷಯ ಯಾರ ನೆನಪಿನಲ್ಲೂ ಇರಲಿಲ್ಲ, ಏಕೆಂದರೆ ಅದು ವಿಷಯವೇ ಆಗಿರಲಿಲ್ಲ. ಸಿನಿಮಾ ನೋಡಿದ ಮೇಲೆ ಆಯಿತು.

'ಅವಳ್ನ ಉಯ್ಯಂಬಳ್ಳೀಲಿ ಬುಟ್ಟು ಬತ್ತೀನಿ' ಎಂದು ಲೋಕೇಶ್ ಒಂದು ಬೆಳಿಗ್ಗೆ ಹೇಳಿದ. ಉಯ್ಯಂಬಳ್ಳಿ ಅವಳ ತವರು. ಹಾಗೆ ಬಿಟ್ಟು ಬಂದರೆ ಅದರ ಅರ್ಥವೇನೆಂಬುದು ಇಬ್ಬರ ಊರಿಗೂ ಗೊತ್ತು, ಆ ಮೇಲೆ ಅವಳು ಬದುಕಿರುವವರೆಗೆ ಯಾವ ಮದುವೆಮನೆಯಲ್ಲೂ ತಲೆಯೆತ್ತಿ ಓಡಾಡುವ ಹಾಗಿಲ್ಲ. ತಂದೆ ಕೇಳಿದರು: 'ನಿಂಗೆ ಯಾರ್ಲಾ ಹೇಳಿದ್ದು?'

'ಯಾರೂ ಹೇಳ್ಲಿಲ್ಲ. ಪಿಚ್ಚರ್ ನೋಡ್ದಾಗ ಗೊತ್ತಾಯ್ತು. ಅದ್ರಲ್ಲಿ ಅವಳು ಒಳಿಕ್ಕೋಗಿ ಚಿಲ್ಕ ಹಾಕ್ಕೋತಾಳೆ. ಹುಳ ಆಯೋರು ಯಾಕಪ್ಪ ಚಿಲ್ಕ ಹಾಕ್ಕೋತಾರೆ?'

'ಚಿಲ್ಕ ಹಾಕ್ಲಿಲ್ಲ ಕಣ್ಲಾ. ಹೂವ ತೆಗ್ದು ಗೋಡೆ ಮೇಲಿಟ್ಲು. ಹೆಣ್ಣು ತಪ್ಪಿಲ್ಲ.'

'ಚಿಲ್ಕ ಹಾಕಿದ್ದ ನಾನು ಕಂಡಿವ್ನಿ.'

ಹೀಗೆ ತಂದೆ-ಮಗ ಇಬ್ಬರೂ ಮನೆಯ ಹೆಣ್ಣುಮಗಳ ಬಾಳನ್ನು ತೆರೆಯ ಮೇಲಿನ ಒಬ್ಬ ನಟಿಯ ಕೈಗೆ ಕೊಟ್ಟು ಕುಳಿತಾಗ, ಬೋರಲಿಂಗಯ್ಯನವರು ನನಗೆ ಫೋನು ಮಾಡಿದರು. 'ಆ ಪಿಚ್ಚರ್ ಇನ್ನೊಂದ್ಸಲ ತತ್ತೀರಾ ಮೇಷ್ಟ್ರೆ?' ಎಂಬ ಅವರ ದನಿಯಲ್ಲಿ ಗೆದ್ದೇ ಗೆಲ್ಲುತ್ತೇನೆಂಬ ನೆಮ್ಮದಿಯಿತ್ತು.

ಭಾನುವಾರ ಬೆಳಿಗ್ಗೆ ಅವರ ನಡುಮನೆಯಲ್ಲಿ ಲ್ಯಾಪ್‌ಟಾಪನ್ನು ರಾಗಿಯ ಮೂಟೆಯೊಂದರ ಮೇಲಿಟ್ಟೆ. ಬೋರಲಿಂಗಯ್ಯನವರು ಕೋಟು ತೊಟ್ಟು ಗೋಡೆಗೊರಗಿ ಕುಳಿತರು, ಲೋಕೇಶ್ ಕಂಬಕ್ಕೆ ಆತುಕೊಂಡ, ಅಂಬುಜಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಭಾನುಪ್ರಿಯ ಅಡಿಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕುಳಿತಿದ್ದಳು, ತೆರೆಯ ಕಡೆ ನೋಡಲಿಲ್ಲ. ನಾನು ನೇರವಾಗಿ ಆ ಸಂಜೆಯ ದೃಶ್ಯಕ್ಕೇ ಬಂದೆ. ಹೆಣ್ಣು ನಡೆದು ಹೋಗುತ್ತಾಳೆ, ಬೆನ್ನು ಕಾಣುತ್ತದೆ, ಮುಡಿಯ ಹೂವು ಕಾಣುತ್ತದೆ. ಬಾಗಿಲು ಮುಚ್ಚುತ್ತದೆ. ಬೆಳಗಾಗುತ್ತದೆ.

ಚಿಲಕ ಇರಲಿಲ್ಲ. ಚಿಲಕದ ಸದ್ದೂ ಇರಲಿಲ್ಲ.

'ಇನ್ನೊಂದ್ಸಲ ಹಾಕಿ ಸಾರ್' ಎಂದ ಲೋಕೇಶ್. ಹಾಕಿದೆ. ಅವನ ಮುಖ ಕಪ್ಪಿಟ್ಟಿತು. ತನ್ನ ಕಿವಿಯಲ್ಲಿ ಇಷ್ಟು ದಿನ ಖಟ್ಟನೆ ಬೀಳುತ್ತಿದ್ದ ಆ ಚಿಲಕವನ್ನು ಅವನೇ ತಯಾರಿಸಿಕೊಂಡದ್ದೆಂದು ಅವನಿಗೆ ತಿಳಿಯಿತು. ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ, ಇನ್ನು ಲ್ಯಾಪ್‌ಟಾಪು ಮುಚ್ಚಿ ಕಾಫಿ ಕುಡಿದು ಹೊರಡಬಹುದೆಂದುಕೊಂಡೆ. ಆದರೆ ಬೋರಲಿಂಗಯ್ಯನವರು ಗೋಡೆ ಬಿಟ್ಟು ಮುಂದಕ್ಕೆ ಬಾಗಿದ್ದರು. 'ಮತ್ತೆ ಹಾಕಿ' ಎಂದರು. ಹಾಕಿದೆ. ಹೂವು ಮುಡಿಯಲ್ಲೇ ಇದ್ದಂತೆ ಅವಳು ಒಳಗೆ ಹೋಗುತ್ತಾಳೆ. ಆ ಮನೆಗೆ ಮೋಟುಗೋಡೆಯೇ ಇಲ್ಲ. ಅವರು ಕಂಡದ್ದು ತಮ್ಮ ಮನೆಯ ಗೋಡೆಯನ್ನು, ತಮ್ಮ ಮನೆಯ ಹೆಂಗಸರು ಅದರ ಮೇಲೆ ಹೂವಿಡುವುದನ್ನು.

'ನೀನೂ ಕಂಡಿಲ್ವಲ್ಲಪ್ಪ' ಎಂದ ಲೋಕೇಶ್. ಆ ಮಾತಿನಲ್ಲಿ ಗೆಲುವೇನೂ ಇರಲಿಲ್ಲ, ಹೆದರಿಕೆ ಇತ್ತು. ಅಪ್ಪ ಕಂಡಿದ್ದಾರೆಂಬ ಒಂದು ಆಧಾರ ಅವನಿಗೂ ಒಳಗೊಳಗೇ ಬೇಕಾಗಿತ್ತೆಂದು ಆಗ ನನಗೆ ಹೊಳೆಯಿತು. ಬೋರಲಿಂಗಯ್ಯನವರು ಕೋಟಿನ ಗುಂಡಿಯೊಂದನ್ನು ಬಿಚ್ಚಿ ಹಾಕಿ, ಮತ್ತೆ ಬಿಚ್ಚಿದರು. ಅಷ್ಟು ವರ್ಷಗಳಲ್ಲಿ ಅವರನ್ನು ಹಾಗೆ ನಾನು ಕಂಡಿರಲಿಲ್ಲ, ನೋಡಲಾರದೆ ಕಣ್ಣು ಬೇರೆ ಕಡೆ ತಿರುಗಿಸಿದೆ.

ಮಾತಾಡಿದವಳು ಭಾನುಪ್ರಿಯ. ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು, ತಲೆಯೆತ್ತದೆಯೇ ಹೇಳಿದಳು: 'ಅವತ್ತು ನಾನು ಹೂವ ಮುಡ್ದಿದ್ನೋ ಇಲ್ವೋ ನಂಗೇ ಗ್ಯಾಪ್ಕ ಇಲ್ಲ ಮಾವ. ಇಷ್ಟು ದಿವ್ಸದಿಂದ ನನ್ನ ಒಬ್ರೂ ಒಂದು ಮಾತು ಕೇಳ್ನಿಲ್ಲ. ಅವರು ಆ ಪಿಚ್ಚರ್‌ನ ಕೇಳ್ತಾವ್ರೆ, ನೀವೂ ಆ ಪಿಚ್ಚರ್‌ನೇ ಕೇಳ್ತಾ ಇದ್ದೀರಿ.'

ಬೋರಲಿಂಗಯ್ಯನವರು ಮಗನ ಕಡೆ ತಿರುಗಿ, 'ಅವಳು ಹೇಳಿದ್ದ ನಂಬೋ ಯೋಗ್ತಿ ಇದ್ರೆ ಕೇಳು. ಇಲ್ದಿದ್ರೆ ಕೇಳ್ಬ್ಯಾಡ' ಎಂದರು. ಅವನು ಕೇಳಲಿಲ್ಲ. ಭಾನುಪ್ರಿಯ ಒಂದು ಗಳಿಗೆ ಕಾದಳು, ಆಮೇಲೆ ಎದ್ದು ಒಳಗೆ ಹೋಗಿ ಬಟ್ಟೆಬರೆ ತುಂಬಿದ ಬ್ಯಾಗನ್ನು ತಂದು ನಡುಮನೆಯಲ್ಲಿಟ್ಟಳು. 'ಬುಟ್ಟು ಬರಾದೇನೂ ಬ್ಯಾಡ, ನಾನೇ ಹೋಯ್ತೀನಿ.'

ಬೋರಲಿಂಗಯ್ಯನವರು ಎದ್ದರು, ಬಗ್ಗಿ ಆ ಬ್ಯಾಗನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. 'ನಡಿಯವ್ವ' ಎಂದರು. ಊರ ನಡುಬೀದಿಯಲ್ಲಿ ಹಗಲುಹೊತ್ತಿನಲ್ಲಿ ಸೊಸೆ ಮುಂದೆ, ಅವಳ ಗಂಟುಮೂಟೆ ಹೊತ್ತ ಮಾವ ಹಿಂದೆ. ಜಗಲಿಗಳಲ್ಲಿ ಕುಳಿತವರು ಎದ್ದು ನಿಂತು ನೋಡಿದರು. 'ಯಜಮಾನ್ರೆ, ಎಲ್ಗೆ?' ಎಂದು ಅಂಕಯ್ಯ ಕೇಳಿದ್ದಕ್ಕೆ, 'ಬೀಗರ ಮನಿಗೆ' ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಬಿಟ್ಟು ಬರಲು ಹೋದರೆಂದು ಜನ ತಿಳಿದರು. ಅವರು ಬಿಟ್ಟು ಬರಲಿಲ್ಲ, ಅಲ್ಲೇ ಉಳಿದರು.

ಬೀಗರ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವುದನ್ನೇ ಹಗುರವೆಂದು ಎಣಿಸುವ ಸೀಮೆಯಲ್ಲಿ ಬೋರಲಿಂಗಯ್ಯನವರು ಒಂದು ಬೆಳೆ ಹುಳು ಮುಗಿಯುವಷ್ಟು ಕಾಲ, ಸುಮಾರು ಒಂದು ತಿಂಗಳು, ಉಯ್ಯಂಬಳ್ಳಿಯಲ್ಲಿದ್ದರು. ಕುಳಿತು ಉಣ್ಣಲಿಲ್ಲ, ಸೊಪ್ಪು ಕೊಯ್ದರು, ಹಸು ಮೇಯಿಸಿದರು. ಬೀಗರು ಸಂಕೋಚದಿಂದ ಕುಗ್ಗಿಹೋದರು, ಸೊಸೆಯ ತವರಿನಲ್ಲಿ ಬಿಟ್ಟಿ ಊಟಕ್ಕೆ ಕುಂತವನೆಂದು ಅರಳೀಕಟ್ಟೆಯಲ್ಲಿ ಗೇಲಿ ಮಾಡಿದವರೂ ಇದ್ದರು. ಆದರೆ ಮಾವನೇ ಬಂದು ಜೊತೆಗಿರುವ ಹೆಣ್ಣನ್ನು ಗಂಡ ಬಿಟ್ಟವಳೆಂದು ಕರೆಯಲು ಯಾರಿಗೂ ನಾಲಿಗೆ ಹೊರಳಲಿಲ್ಲ. ಇತ್ತ ಕೂಟಗಲ್ಲಿನಲ್ಲಿ ಅಂಬುಜಮ್ಮ ಮಗನಿಗೆ ಹೊತ್ತುಹೊತ್ತಿಗೆ ಮುದ್ದೆ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ.

ನಾನು ನೋಡಲು ಹೋದಾಗ ಅವರು ಹಿಪ್ಪುನೇರಳೆ ತೋಟದಲ್ಲಿದ್ದರು. ಬದುವಿನ ಮೇಲೆ ಕುಳಿತು ತಾವಾಗಿಯೇ ಹೇಳಿದರು: 'ಕಾಣ್ದಿದ್ದ ಕಂಡೆ ಅಂದ್ಬುಟ್ಟೆ ಮೇಷ್ಟ್ರೆ. ಒಳ್ಳೇದ್ನೇ ಕಂಡೆ, ಆದ್ರೂ ಇಲ್ದಿದ್ದೇ ಅಲ್ವಾ. ಇಷ್ಟು ವರ್ಸ ನ್ಯಾಯ ಹೇಳಿವ್ನಲ್ಲ, ಅದ್ರಲ್ಲಿ ಎಷ್ಟು ಕಂಡಿದ್ದೋ, ಎಷ್ಟು ಕಟ್ಟಿದ್ದೋ.' ಸೊಸೆಯನ್ನು ಕೇಳಿದಿರಾ ಎಂದೆ. ಇಲ್ಲವೆಂದರು. ಒಂದು ವೇಳೆ ಏನಾದರೂ ನಡೆದಿದ್ದರೆ ಎಂದು ಕೇಳುವ ಅಧಿಕಪ್ರಸಂಗವನ್ನೂ ಮಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ. 'ಇದ್ರೆ ಅದು ಅವರಿಬ್ರದು. ಹೋಗವ್ವ ಅಂತ ಕಳ್ಸಿದೋನು ನಾನು. ಕಳ್ಸೋವಾಗ ಮಗಳು, ಕಷ್ಟ ಬಂದಾಗ ಯಾರೋ ಹೆಂಗ್ಸು ಅನ್ನಾಕೆ ಆಯ್ತದಾ?' ಎಂದು ಕುಡುಗೋಲು ತೆಗೆದುಕೊಂಡು ಎದ್ದರು.

ಲೋಕೇಶ್ ಬಂದದ್ದು ಅದಾದ ಕೆಲವು ದಿನಗಳಿಗೆ. ಅಂಗಳದಲ್ಲಿ ಚಪ್ಪಲಿ ಬಿಡದೆ ನಿಂತುಕೊಂಡನಂತೆ. ಭಾನುಪ್ರಿಯ ಹೊರಬಂದು, 'ಏನು ಕೇಳ್ಬೇಕು ಅಂತ ಬಂದಿದ್ದೀರಿ, ಕೇಳಿ' ಎಂದಳಂತೆ.

'ಕೇಳಾದೇನೂ ಇಲ್ಲ. ನಾಡಿದ್ದು ಹುಳ ಹಣ್ಣಾಗ್ತಾವೆ. ಕೈ ಸಾಲಾದಿಲ್ಲ.'

'ಜಯಕುಮಾರಣ್ಣನ್ನ ಕರೀರಿ. ಅವರು ನಮಗೆ ಒಂದು ಮುಯ್ಯಿ ತೀರಿಸ್ಬೇಕು.'

ಅವನು ಚಪ್ಪಲಿ ಬಿಟ್ಟು ಜಗಲಿಯ ಅಂಚಿಗೆ ಬಂದು, 'ನೆನ್ನೆ ನಾನೇ ಅವರ ಮನೆಗಂಟ ಹೋಗಿ ಕರ್ದು ಬಂದೆ. ಅವನೂ ಶ್ವೇತಕ್ಕನೂ ಬತ್ತಾರೆ. ನೀನಿಲ್ದೆ ಹುಳ ಆಯಾಕೆ ಕುಂತ್ಕಳಾಕೆ ನಂಗೆ ಮನಸಿಲ್ಲ' ಎಂದನಂತೆ. ಭಾನುಪ್ರಿಯ ಅಲ್ಲೇ ಕಂಬ ಹಿಡಿದುಕೊಂಡು ಕುಳಿತು ಅತ್ತಳು, ಇಷ್ಟು ದಿನಗಳಲ್ಲಿ ಅದೇ ಮೊದಲ ಸಲ ಎಂದು ಅವಳ ತಾಯಿ ನನಗೆ ಹೇಳಿದರು. ಗಂಡ, ಹೆಂಡತಿ, ಮಾವ ಮೂವರೂ ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದರು.

ಬೋರಲಿಂಗಯ್ಯನವರು ಈಗ ನ್ಯಾಯ ಹೇಳುವುದನ್ನು ಬಿಟ್ಟಿದ್ದಾರೆ. ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತಾರೆ. ಜಯಕುಮಾರನ ಹುಳುಮನೆಯಲ್ಲಿ ಆ ಸಂಜೆ ಏನು ನಡೆಯಿತೆಂಬುದು ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ, ನಡೆದದ್ದು ಹುಳು ಆಯುವುದಷ್ಟೇ ಎಂದು ನಾನು ನಂಬಿದ್ದೇನೆ, ನನ್ನ ನಂಬಿಕೆ ಕಟ್ಟಿಕೊಂಡು ಭಾನುಪ್ರಿಯಳಿಗೆ ಆಗಬೇಕಾದದ್ದೇನೂ ಇಲ್ಲ. ಹೆಣ್ಣು ನಿರಪರಾಧಿಯೆಂದು ಸ್ಥಿರಪಟ್ಟ ಮೇಲೆ ಅವಳ ಪರವಾಗಿ ದನಿಯೆತ್ತುವ ಸಜ್ಜನರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೂ ಆ ಗುಂಪಿನವನೇ. ಸ್ಥಿರಪಡಿಸುವ ದಾರಿಯೇ ಇಲ್ಲವೆಂದು ತಿಳಿದ ಗಳಿಗೆಯಲ್ಲಿ, ಇನ್ನೊಂದು ಸಾಕ್ಷಿಗಾಗಿ ತಡಕಾಡದೆ, ಬಗ್ಗಿ ಅವಳ ಬ್ಯಾಗನ್ನು ಎತ್ತಿಕೊಳ್ಳುವವರು ಬೇರೆಯೇ ಜಾತಿಯ ಮನುಷ್ಯರು. ಅಂಥವರೊಬ್ಬರು ಇರುವ ಮನೆಯಲ್ಲಿ ಹೆಣ್ಣುಮಕ್ಕಳು ತಮ್ಮ ಮೇಲಿನ ಆರೋಪಕ್ಕೆ ಉತ್ತರ ಹೇಳದೆಯೂ ಊಟಕ್ಕೆ ಕೂರಬಹುದು.